ಬ್ಲಡ್ ಕ್ಯಾನ್ಸರ್‌ಗೆ ಸ್ಟೆಮ್ ಸೆಲ್, ಕಾರ್-ಟಿ ಚಿಕಿತ್ಸೆ: ಏನಿದು, ಯಾರಿಗೆ ಬೇಕು, ಖರ್ಚೆಷ್ಟು, ಮೋಸ ಹೋಗೋದು ಎಲ್ಲಿ?

ಪೇಟೆ ಅಂಗಡಿಗಳ ಗಲ್ಲಾ ಪಕ್ಕ ಇಟ್ಟಿರೋ ಸಹಾಯದ ಡಬ್ಬಿ ನೋಡದವರು ಕಡಿಮೆ. ಮೇಲೊಂದು ಮಗುವಿನ ಫೋಟೊ, ಕೆಳಗೆ 'ಬ್ಲಡ್ ಕ್ಯಾನ್ಸರ್, ಬೋನ್ ಮ್ಯಾರೋ ಆಪರೇಷನ್‌ಗೆ 25 ಲಕ್ಷ ಬೇಕು' ಅನ್ನೋ ಬರಹ. ಇಂಥದ್ದೇ ಮೆಸೇಜ್ ವಾಟ್ಸಾಪ್ ಗ್ರೂಪ್‌ಗಳಲ್ಲೂ ಆಗಾಗ ಓಡಾಡುತ್ತೆ. ಜನ ಕೈಲಾದಷ್ಟು ಹಾಕ್ತಾರೆ, ಹಾಕಲೂಬೇಕು. ಆದರೆ ಆ ಬೋನ್ ಮ್ಯಾರೋ ಅಂದ್ರೇನು, ಆ ದುಡ್ಡು ಎಲ್ಲಿಗೆ ಹೋಗುತ್ತೆ, ಎಲ್ಲಾ ಬ್ಲಡ್ ಕ್ಯಾನ್ಸರ್‌ಗೂ ಅದು ಬೇಕಾ ಅನ್ನೋದು ಹಾಕೋರಿಗೂ ಗೊತ್ತಿರಲ್ಲ, ಎಷ್ಟೋ ಸಲ ಕೇಳೋ ಮನೆಯವರಿಗೂ ಪೂರ್ತಿ ಗೊತ್ತಿರಲ್ಲ.

ಭಾರತದಲ್ಲಿ ಪ್ರತಿ ವರ್ಷ 1 ಲಕ್ಷಕ್ಕೂ ಹೆಚ್ಚು ಜನರಿಗೆ ಒಂದಲ್ಲ ಒಂದು ಬಗೆಯ ರಕ್ತದ ಕ್ಯಾನ್ಸರ್ ಪತ್ತೆಯಾಗುತ್ತೆ. ಕಳೆದ 25 ವರ್ಷದಲ್ಲಿ ಈ ರೋಗದ ಚಿಕಿತ್ಸೆ ಬದಲಾದಷ್ಟು ಬೇರೆ ಕ್ಯಾನ್ಸರ್‌ಗಳದ್ದು ಬದಲಾಗಿದ್ದು ಕಡಿಮೆ. ಕೆಲವು ಹೊಸ ಚಿಕಿತ್ಸೆ ಈಗ ಬೆಂಗಳೂರಲ್ಲೇ ತಯಾರಾಗ್ತಿದೆ. ಇದರ ಜೊತೆಗೆ 'ಸ್ಟೆಮ್ ಸೆಲ್' ಹೆಸರಲ್ಲಿ ದುಡ್ಡು ಕೀಳುವ ವ್ಯಾಪಾರವೂ ಬೆಳೆದಿದೆ. ಎರಡನ್ನೂ ಬೇರೆ ಬೇರೆ ಮಾಡಿ ನೋಡೋಣ.

ರಕ್ತ ತಯಾರಾಗೋದು ಎಲ್ಲಿ?

ನಮ್ಮ ಮೂಳೆಗಳ ಒಳಗೆ, ಅದರಲ್ಲೂ ಸೊಂಟದ ಮೂಳೆ, ಬೆನ್ನುಮೂಳೆ, ಎದೆಮೂಳೆಗಳ ಒಳಗೆ, ಮೆತ್ತನೆಯ ಒಂದು ಪದಾರ್ಥ ಇರುತ್ತೆ. ಅದೇ ಅಸ್ಥಿಮಜ್ಜೆ, ಡಾಕ್ಟರ್‌ಗಳು ಬೋನ್ ಮ್ಯಾರೋ ಅನ್ನೋದು ಇದನ್ನೇ. ರಕ್ತದ ಕಾರ್ಖಾನೆ ಇದು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ, ಪ್ಲೇಟ್‌ಲೆಟ್‌ನದ್ದು 8–10 ದಿನ ಅಷ್ಟೇ. ಹಾಗಾಗಿ ಈ ಕಾರ್ಖಾನೆಗೆ ರಜೆ ಇಲ್ಲ. ಪ್ರತಿ ಸೆಕೆಂಡ್‌ಗೆ 20 ಲಕ್ಷಕ್ಕೂ ಹೆಚ್ಚು ಕೆಂಪು ರಕ್ತಕಣ ಇಲ್ಲಿಂದ ಹೊರಗೆ ಬರಬೇಕು.

ಇಷ್ಟನ್ನೆಲ್ಲ ಹುಟ್ಟಿಸೋದು ಮಜ್ಜೆಯಲ್ಲಿರೋ ಕೆಲವೇ ಕೆಲವು ಮೂಲ ಕೋಶಗಳು. ಇವಕ್ಕೆ ಸ್ಟೆಮ್ ಸೆಲ್ ಅಥವಾ ಆಕರ ಕೋಶ ಅಂತಾರೆ. ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕೋದನ್ನ ನೆನಪಿಸಿಕೊಳ್ಳಿ. ಒಂದು ಚಮಚ ಹೆಪ್ಪಿನಿಂದ ಪಾತ್ರೆ ತುಂಬ ಮೊಸರಾಗುತ್ತೆ, ಅದರಲ್ಲೇ ನಾಳೆಗೆ ಇನ್ನೊಂದು ಚಮಚ ಹೆಪ್ಪೂ ಉಳಿಯುತ್ತೆ. ಸ್ಟೆಮ್ ಸೆಲ್ ಕೆಲಸವೂ ಹೀಗೇ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲವನ್ನೂ ಹುಟ್ಟಿಸುತ್ತೆ, ತನ್ನಂಥದ್ದೇ ಇನ್ನೊಂದು ಕೋಶವನ್ನೂ ಉಳಿಸಿಕೊಳ್ಳುತ್ತೆ. ಇಂಥ ಕೋಶ ಇದೆ ಅನ್ನೋದನ್ನ 1961ರಲ್ಲಿ ಕೆನಡಾದ ಟೊರಾಂಟೊದಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ ಅನ್ನೋ ಇಬ್ಬರು ವಿಜ್ಞಾನಿಗಳು ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿಕೊಟ್ಟರು.

ಈ ಕಾರ್ಖಾನೆಯಲ್ಲಿ ಒಂದು ಕೋಶ ಕೆಟ್ಟು, ಲಂಗುಲಗಾಮಿಲ್ಲದೆ ತನ್ನಂಥ ಕೆಟ್ಟ ಕೋಶಗಳನ್ನೇ ಹುಟ್ಟಿಸೋಕೆ ಶುರು ಮಾಡಿದ್ರೆ ಅದೇ ಬ್ಲಡ್ ಕ್ಯಾನ್ಸರ್. ಕೆಟ್ಟವು ಜಾಗ ತುಂಬಿಕೊಂಡಂತೆ ಒಳ್ಳೆಯ ರಕ್ತಕಣಕ್ಕೆ ಜಾಗ ಇರಲ್ಲ.

ಒಂದೇ ರೋಗ ಅಲ್ಲ

'ಬ್ಲಡ್ ಕ್ಯಾನ್ಸರ್' ಅನ್ನೋ ಒಂದೇ ಹೆಸರಿನ ಕೆಳಗೆ ಹತ್ತಾರು ರೋಗಗಳಿವೆ. ಮುಖ್ಯವಾಗಿ ಮೂರು ಗುಂಪು:

- ಲ್ಯುಕೇಮಿಯಾ: ಮಜ್ಜೆ ಮತ್ತು ರಕ್ತದಲ್ಲಿ ಕೆಟ್ಟ ಬಿಳಿ ಕಣಗಳು ತುಂಬಿಕೊಳ್ಳೋದು. ಮಕ್ಕಳಲ್ಲಿ ಹೆಚ್ಚಾಗಿ ಬರೋ ಕ್ಯಾನ್ಸರ್ ಇದೇ ಗುಂಪಿನದ್ದು.
- ಲಿಂಫೋಮಾ: ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿರೋ ಗ್ರಂಥಿಗಳಲ್ಲಿ ಗಂಟಾಗಿ ಬೆಳೆಯೋದು.
- ಮೈಲೋಮಾ: ಹೆಚ್ಚಾಗಿ ವಯಸ್ಸಾದವರಿಗೆ ಬರುತ್ತೆ. ಸೊಂಟ, ಬೆನ್ನು ನೋವು, ಮೂಳೆ ಸುಲಭಕ್ಕೆ ಮುರಿಯೋದು, ಕಿಡ್ನಿ ತೊಂದರೆಯಿಂದ ಗೊತ್ತಾಗುತ್ತೆ.

ಈ ಹೆಸರುಗಳನ್ನ ಯಾಕೆ ತಿಳಿದಿರಬೇಕು ಅಂದ್ರೆ, ಚಿಕಿತ್ಸೆ, ಖರ್ಚು, ಗುಣ ಆಗೋ ಸಾಧ್ಯತೆ ಮೂರೂ ಹೆಸರಿನ ಮೇಲೇ ನಿಂತಿರುತ್ತೆ. 'ಪಕ್ಕದೂರಿನವರಿಗೆ ಬ್ಲಡ್ ಕ್ಯಾನ್ಸರ್ ಬಂದು ಆರು ತಿಂಗಳಿಗೆ ಹೋದರು' ಅಂತ ಕೇಳಿ ಎದೆ ಒಡ್ಕೊಳ್ಳೋದು ಬೇಡ. ಅವರಿಗೆ ಬಂದಿದ್ದು ಬೇರೆ ರೋಗವೇ ಆಗಿರಬಹುದು. ರಿಪೋರ್ಟ್‌ನಲ್ಲಿ ಬರೆದಿರೋ ಪೂರ್ತಿ ಹೆಸರನ್ನ ಡಾಕ್ಟರ್ ಹತ್ರ ಕೇಳಿ ಬರೆಸಿಕೊಳ್ಳಿ.

ತಾಲೂಕಿನಲ್ಲೇ ಕಳೆದುಹೋಗೋ ದಿನಗಳು

ರೋಗ ಹಿಡಿಯೋದು ತಡ ಆಗೋದು ಹೆಚ್ಚಾಗಿ ಶುರುವಿನಲ್ಲೇ. ಜ್ವರ ಬರುತ್ತೆ, ಮಾತ್ರೆ ತಗೊಂಡ್ರೆ ಇಳಿಯುತ್ತೆ, ಮತ್ತೆ ಬರುತ್ತೆ. ಸುಸ್ತು ಅಂತ ಗ್ಲೂಕೋಸ್ ಹಾಕಿಸ್ತಾರೆ. ಒಬ್ಬರು ಟೈಫಾಯ್ಡ್ ಅಂತಾರೆ, ಇನ್ನೊಬ್ಬರು ರಕ್ತ ಕಮ್ಮಿ ಅಂತ ಟಾನಿಕ್ ಬರೀತಾರೆ. ಹೀಗೆ ತಿಂಗಳುಗಳೇ ಕಳೆಯುತ್ತವೆ.

ಗಮನಿಸಬೇಕಾದ್ದು ಇಷ್ಟು: ಎರಡು ವಾರ ಕಳೆದರೂ ಬಿಡದ ಅಥವಾ ಬಿಟ್ಟು ಬಿಟ್ಟು ಬರೋ ಜ್ವರ, ಮುಖ ಬಿಳಿಚಿಕೊಳ್ಳೋದು, ಪೆಟ್ಟು ಬೀಳದೇ ಮೈಮೇಲೆ ನೀಲಿ ಕಲೆ, ಒಸಡು ಮೂಗಿನಲ್ಲಿ ರಕ್ತ, ಕುತ್ತಿಗೆ ಕಂಕುಳಲ್ಲಿ ನೋವಿಲ್ಲದ ಗಂಟು, ಮಗು ಕಾಲುನೋವು ಅಂತ ನಡೆಯೋಕೆ ಒಪ್ಪದೇ ಇರೋದು, ಕಾರಣ ಇಲ್ಲದೆ ತೂಕ ಇಳಿಯೋದು. ಇವೆಲ್ಲ ಬಂದವರಿಗೆಲ್ಲ ಕ್ಯಾನ್ಸರ್ ಇರಲ್ಲ, ಬಹುತೇಕ ಬೇರೆ ಕಾರಣವೇ ಇರುತ್ತೆ. ಆದರೆ ಒಂದು ಸಂಪೂರ್ಣ ರಕ್ತ ಪರೀಕ್ಷೆ, ಅಂದ್ರೆ ಸಿಬಿಸಿ, ಜೊತೆಗೆ ರಕ್ತದ ಹನಿಯನ್ನ ಗಾಜಿನ ಮೇಲೆ ಹರಡಿ ಮೈಕ್ರೋಸ್ಕೋಪ್‌ನಲ್ಲಿ ನೋಡೋ ಸ್ಮಿಯರ್ ಪರೀಕ್ಷೆ ಮಾಡಿಸಿದ್ರೆ ಅನುಮಾನಕ್ಕೆ ದಾರಿ ಸಿಗುತ್ತೆ. ಇದು ಕೆಲವು ನೂರು ರೂಪಾಯಿಯ ಕೆಲಸ.

ಇನ್ನೊಂದು ಎಚ್ಚರಿಕೆ ಇದೆ. ಜ್ವರ, ಮೈಕೈ ನೋವಿಗೆ ಪರೀಕ್ಷೆ ಇಲ್ಲದೆ ಸ್ಟೆರಾಯ್ಡ್ ಮಾತ್ರೆ, ಇಂಜೆಕ್ಷನ್ ತಗೊಳ್ಳೋದು ಅಪಾಯ. ಮಕ್ಕಳಲ್ಲಿ ಬರೋ ಒಂದು ಬಗೆಯ ಲ್ಯುಕೇಮಿಯಾ ಕೋಶಗಳು ಸ್ಟೆರಾಯ್ಡ್‌ಗೆ ಸ್ವಲ್ಪ ದಿನ ಕರಗುತ್ತವೆ. ಮಗು ಹುಷಾರಾದ ಹಾಗೆ ಕಾಣುತ್ತೆ, ಪರೀಕ್ಷೆಯಲ್ಲೂ ರೋಗ ಸರಿಯಾಗಿ ಸಿಗಲ್ಲ. ಆಮೇಲೆ ರೋಗ ಹೆಚ್ಚಾಗಿ ತಿರುಗಿ ಬರುತ್ತೆ. ಮೆಡಿಕಲ್ ಶಾಪ್‌ನವರು ಚೀಟಿ ಇಲ್ಲದೆ ಸ್ಟೆರಾಯ್ಡ್ ಕೊಡಬಾರದು ಅನ್ನೋದಕ್ಕೆ ಇದೂ ಒಂದು ಕಾರಣ.

ಎಲ್ಲರಿಗೂ ಕಸಿ ಬೇಕಾಗಿಲ್ಲ

ಬ್ಲಡ್ ಕ್ಯಾನ್ಸರ್ ಅಂದ ತಕ್ಷಣ ಬೋನ್ ಮ್ಯಾರೋ ಕಸಿ ಅಂದುಕೊಳ್ಳೋದು ತಪ್ಪು. ಮಕ್ಕಳಲ್ಲಿ ಸಾಮಾನ್ಯವಾಗಿ ಬರೋ ಲ್ಯುಕೇಮಿಯಾ ಬಹುತೇಕರಲ್ಲಿ ಕೀಮೋಥೆರಪಿ ಔಷಧಿಗಳಿಂದಲೇ ಗುಣ ಆಗುತ್ತೆ. ಅನುಕೂಲ ಇರೋ ದೇಶಗಳಲ್ಲಿ 10 ಮಕ್ಕಳಲ್ಲಿ ಸುಮಾರು 9 ಮಕ್ಕಳು ಬದುಕುತ್ತಾರೆ. ಇಲ್ಲಿ ಆ ಲೆಕ್ಕ ಕಡಿಮೆ ಆಗೋದಕ್ಕೆ ತಡವಾಗಿ ಬರೋದು, ಸೋಂಕು ತಗಲೋದು ಕಾರಣ. ಇನ್ನೊಂದು ಕಾರಣ ಚಿಕಿತ್ಸೆಯನ್ನ ಅರ್ಧಕ್ಕೆ ಬಿಡೋದು. ಈ ಚಿಕಿತ್ಸೆ ಎರಡು ಎರಡೂವರೆ ವರ್ಷ ನಡೆಯುತ್ತೆ. ಮೊದಲ ತಿಂಗಳಲ್ಲೇ ಮಗು ಆಟ ಆಡೋಕೆ ಶುರು ಮಾಡಿದ್ರೆ 'ಗುಣ ಆಯ್ತಲ್ಲ, ಬಸ್ ಚಾರ್ಜ್ ಯಾಕೆ' ಅಂತ ಬಿಟ್ಟುಬಿಡ್ತಾರೆ. ಗದ್ದೆ ಬದುವಿನ ಗರಿಕೆಯನ್ನ ಮೇಲೆ ಮೇಲೆ ಕೊಯ್ದರೆ ಒಂದು ಮಳೆಗೆ ಮತ್ತೆ ಚಿಗುರುತ್ತೆ. ಇದೂ ಅಷ್ಟೇ.

ಬರೀ ಮಾತ್ರೆಯಿಂದ ಹತೋಟಿಗೆ ಬಂದ ಬ್ಲಡ್ ಕ್ಯಾನ್ಸರ್ ಕೂಡ ಇದೆ. ಸಿಎಂಎಲ್ ಅನ್ನೋ ನಿಧಾನಗತಿಯ ಲ್ಯುಕೇಮಿಯಾ ಅದು. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಈ ರೋಗಿಗಳ ಕೋಶದಲ್ಲಿ ಒಂದು ವಿಚಿತ್ರ ಮೊಂಡು ಕ್ರೋಮೋಸೋಮ್ ಕಾಣಿಸಿತು. 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡು ಅದಲು ಬದಲಾಗಿದ್ದರಿಂದ ಹೀಗಾಗಿದೆ ಅಂತ 1973ರಲ್ಲಿ ಜಾನೆಟ್ ರೌಲಿ ಕಂಡುಹಿಡಿದರು. ಆ ಅದಲು ಬದಲಿನಿಂದ ಹುಟ್ಟೋ ಕೆಟ್ಟ ಪ್ರೋಟೀನ್ ಅನ್ನೇ ಗುರಿ ಮಾಡಿ ಹೊಡೆಯೋ ಇಮಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ಮುಂಚೆ ಕೆಲವೇ ವರ್ಷ ಬದುಕುತ್ತಿದ್ದವರು ಈಗ ದಿನಾ ಮಾತ್ರೆ ತಗೊಂಡು, ಅಂಗಡಿ, ಹೊಲ ನೋಡಿಕೊಂಡು ಹೆಚ್ಚುಕಡಿಮೆ ಎಲ್ಲರಂತೆ ಬಾಳ್ತಾರೆ.

ಇದೇ ಮಾತ್ರೆಯ ಪೇಟೆಂಟ್ ಜಗಳ ಭಾರತದ ಸುಪ್ರೀಂ ಕೋರ್ಟ್‌ಗೂ ಬಂದಿತ್ತು. 2013ರ ಏಪ್ರಿಲ್ 1ರಂದು ಕೋರ್ಟ್ ನೊವಾರ್ಟಿಸ್ ಕಂಪನಿಯ ಪೇಟೆಂಟ್ ಅರ್ಜಿಯನ್ನ ತಳ್ಳಿಹಾಕಿತು. ಆಗ ಕಂಪನಿಯ ಗ್ಲಿವೆಕ್‌ಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ. ಇಲ್ಲಿನ ಕಂಪನಿಗಳ ಜೆನೆರಿಕ್ ಮಾತ್ರೆಗೆ ಸುಮಾರು 8ರಿಂದ 10 ಸಾವಿರ. ಇವತ್ತು ಬಡವರ ಕೈಗೆ ಈ ಮಾತ್ರೆ ಸಿಗ್ತಿರೋದಕ್ಕೆ ಆ ತೀರ್ಪಿನ ಪಾಲು ದೊಡ್ಡದು. ಆದರೆ ಇದನ್ನ ಒಂದು ದಿನವೂ ತಪ್ಪಿಸಬಾರದು, ಡಾಕ್ಟರ್ ಹೇಳದೆ ನಿಲ್ಲಿಸಬಾರದು.

ಎಪಿಎಂಎಲ್ ಅನ್ನೋ ಇನ್ನೊಂದು ಲ್ಯುಕೇಮಿಯಾ ಇದೆ. ಶುರುವಿನಲ್ಲೇ ರಕ್ತಸ್ರಾವದಿಂದ ಸಾಯಿಸುವಂಥ ರೋಗ. ಚೀನಾದ ವೈದ್ಯರು ತೋರಿಸಿಕೊಟ್ಟ ದಾರಿಯಲ್ಲಿ, ವಿಟಮಿನ್ ಎ ಜಾತಿಗೆ ಸೇರಿದ ಔಷಧಿ ಮತ್ತು ಆರ್ಸೆನಿಕ್‌ನಿಂದ ಇದನ್ನ ಗುಣ ಮಾಡ್ತಾರೆ. ಆರ್ಸೆನಿಕ್ ಅಂದ್ರೆ ಪಾಷಾಣ. ತೂಕ ಹಾಕಿ, ಆಸ್ಪತ್ರೆಯಲ್ಲಿ ಕಣ್ಣಿಟ್ಟು ಕೊಟ್ಟಾಗ ಅದೇ ಔಷಧಿ. ಈ ಚಿಕಿತ್ಸೆಯಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಕೆಲಸಕ್ಕೆ ಜಗತ್ತಿನಲ್ಲೇ ಹೆಸರಿದೆ. ಸಮಯಕ್ಕೆ ಆಸ್ಪತ್ರೆ ಸೇರಿದ್ರೆ ಹೆಚ್ಚಿನವರು ಗುಣ ಆಗ್ತಾರೆ.

ಹಾಗಾದ್ರೆ ಕಸಿ ಯಾರಿಗೆ? ಹೇಗೆ ಮಾಡ್ತಾರೆ?

ಕೀಮೋ ಕೊಟ್ಟರೂ ರೋಗ ತಿರುಗಿ ಬಂದವರಿಗೆ, ತಿರುಗಿ ಬರೋ ಸಾಧ್ಯತೆ ಹೆಚ್ಚಿರೋ ಲ್ಯುಕೇಮಿಯಾದವರಿಗೆ, ಮೈಲೋಮಾ ರೋಗಿಗಳಲ್ಲಿ ದೇಹಕ್ಕೆ ತಾಕತ್ತಿರೋರಿಗೆ ಕಸಿ ಹೇಳ್ತಾರೆ.

ಮೊದಲಿಗೆ ಗೊತ್ತಿರಬೇಕಾದ್ದು, ಇದು ಕೊಯ್ದು ಹೊಲಿಯೋ ಆಪರೇಷನ್ ಅಲ್ಲ. ಭಾರಿ ಪ್ರಮಾಣದ ಕೀಮೋ, ಕೆಲವರಿಗೆ ರೇಡಿಯೇಷನ್ ಕೂಡ ಕೊಟ್ಟು ರೋಗಿಯ ಕೆಟ್ಟ ಮಜ್ಜೆಯನ್ನ ಖಾಲಿ ಮಾಡ್ತಾರೆ. ಆಮೇಲೆ ಒಳ್ಳೆಯ ಸ್ಟೆಮ್ ಸೆಲ್ ತುಂಬಿದ ಚೀಲವನ್ನ ರಕ್ತ ಏರಿಸಿದ ಹಾಗೆ ನರಕ್ಕೆ ಏರಿಸ್ತಾರೆ. ಕೋಶಗಳು ತಾವೇ ದಾರಿ ಹುಡುಕಿಕೊಂಡು ಮೂಳೆಯೊಳಗೆ ಸೇರಿಕೊಳ್ಳುತ್ತವೆ. ಎರಡರಿಂದ ನಾಲ್ಕು ವಾರದಲ್ಲಿ ಹೊಸ ರಕ್ತ ಬರೋಕೆ ಶುರುವಾಗುತ್ತೆ. ಅಲ್ಲಿ ತನಕ ಮೈಯಲ್ಲಿ ರೋಗ ತಡೆಯೋ ಶಕ್ತಿ ಇಲ್ಲವೇ ಇಲ್ಲ ಅನ್ನಬೇಕು, ಅದಕ್ಕೇ ಗಾಳಿ ಶುದ್ಧ ಮಾಡೋ ಪ್ರತ್ಯೇಕ ಕೋಣೆಯಲ್ಲಿ ಇಡ್ತಾರೆ. ಡಬ್ಬಿ ಮೇಲೆ ಬರೆದ ಲಕ್ಷಗಳು ಹೋಗೋದು ಈ ಕೋಣೆ, ಔಷಧಿ, ರಕ್ತ, ಪ್ಲೇಟ್‌ಲೆಟ್, ಪರೀಕ್ಷೆಗಳಿಗೆ.

ಕಸಿಯಲ್ಲಿ ಎರಡು ವಿಧ. ಮೈಲೋಮಾ, ಕೆಲವು ಲಿಂಫೋಮಾಗಳಲ್ಲಿ ರೋಗಿಯ ಸ್ವಂತ ಕೋಶವನ್ನೇ ಮೊದಲು ತೆಗೆದು ಫ್ರೀಜ್ ಮಾಡಿಟ್ಟು ವಾಪಸ್ ಕೊಡ್ತಾರೆ. ಲ್ಯುಕೇಮಿಯಾದಲ್ಲಿ ಹೆಚ್ಚಾಗಿ ಬೇರೆಯವರ ಕೋಶ ಬೇಕು. ಬೇರೆಯವರಿಂದ ಬಂದ ಬಿಳಿ ಕಣಗಳು ಉಳಿದ ಕ್ಯಾನ್ಸರ್ ಕೋಶಗಳನ್ನ ಹುಡುಕಿ ಕೊಲ್ಲುತ್ತವೆ ಅನ್ನೋದು ಲಾಭ. ಅವೇ ಕಣಗಳು ರೋಗಿಯ ಚರ್ಮ, ಕರುಳು, ಲಿವರ್ ಮೇಲೂ ತಿರುಗಿ ಬೀಳಬಹುದು ಅನ್ನೋದು ಅಪಾಯ. ಕಸಿ ಆದಮೇಲೆ ಮನೆಗೆ ಬಂದವರು ತಿಂಗಳುಗಟ್ಟಲೆ ಮಾತ್ರೆ, ಚೆಕಪ್ ಅಂತ ಓಡಾಡೋದು ಇದಕ್ಕೇ. ದಾನಿಯ ಬ್ಲಡ್ ಗ್ರೂಪ್ ಬೇರೆ ಆಗಿದ್ರೆ ಕಸಿ ನಂತರ ರೋಗಿಯ ಬ್ಲಡ್ ಗ್ರೂಪ್ ದಾನಿಯದ್ದಕ್ಕೇ ಬದಲಾಗುತ್ತೆ.

ಈ ಚಿಕಿತ್ಸೆ ಸುಲಭಕ್ಕೆ ಬಂದಿದ್ದಲ್ಲ. ಅಮೆರಿಕದ ಡಾ. ಡೊನಾಲ್ ಥಾಮಸ್ 1957ರಲ್ಲಿ ವರದಿ ಮಾಡಿದ ಮೊದಲ ಆರು ರೋಗಿಗಳಲ್ಲಿ ಯಾರೂ ಹೆಚ್ಚು ದಿನ ಬದುಕಲಿಲ್ಲ. ಬಹಳ ಜನ ವೈದ್ಯರು ಕೈಬಿಟ್ಟರು, ಥಾಮಸ್ ಬಿಡಲಿಲ್ಲ. 1990ರಲ್ಲಿ ಅವರಿಗೆ ನೊಬೆಲ್ ಬಂತು. ಭಾರತದಲ್ಲಿ ಮೊದಲ ಕಸಿ ಆಗಿದ್ದು 1983ರಲ್ಲಿ, ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. ಈಗ ಬೆಂಗಳೂರಿನ ಸರ್ಕಾರಿ ಕಿದ್ವಾಯಿ ಸಂಸ್ಥೆಯಲ್ಲೂ ಕಸಿ ಘಟಕ ಇದೆ, ಹಲವು ಖಾಸಗಿ ಆಸ್ಪತ್ರೆಗಳಲ್ಲೂ ಇದೆ.

ದಾನಿ ಸಿಗೋದೇ ಕಷ್ಟ

ರಕ್ತದಾನಕ್ಕೆ ಬ್ಲಡ್ ಗ್ರೂಪ್ ಹೊಂದಿದ್ರೆ ಸಾಕು. ಸ್ಟೆಮ್ ಸೆಲ್‌ಗೆ ಎಚ್‌ಎಲ್‌ಎ ಅನ್ನೋ ಗುರುತು ಹೊಂದಬೇಕು. ದೇಹ 'ಇದು ನನ್ನದು, ಇದು ಹೊರಗಿನದು' ಅಂತ ಕಂಡುಹಿಡಿಯೋದು ಈ ಗುರುತಿನಿಂದ. ಇದನ್ನ ಮಕ್ಕಳು ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಪಡೀತಾರೆ. ಹಾಗಾಗಿ ಒಡಹುಟ್ಟಿದ ಒಬ್ಬೊಬ್ಬರ ಜೊತೆ ಪೂರ್ತಿ ಹೊಂದೋ ಸಾಧ್ಯತೆ ನಾಲ್ಕರಲ್ಲಿ ಒಂದು. ಮನೆಗೆ ಒಂದೋ ಎರಡೋ ಮಕ್ಕಳಿರೋ ಈ ಕಾಲದಲ್ಲಿ ಎಷ್ಟೋ ಜನರಿಗೆ ಮನೆಯಲ್ಲಿ ದಾನಿ ಸಿಗಲ್ಲ.

ಆಗ ಎರಡು ದಾರಿ. ಒಂದು, ಅರ್ಧ ಹೊಂದೋ ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ ಅಥವಾ ಮಕ್ಕಳಿಂದ ಪಡೆಯೋದು. ಮೊದಲು ಇದು ಆಗದ ಮಾತು ಅಂತಿದ್ದರು. ಕಸಿ ಆದ ಕೆಲವು ದಿನಕ್ಕೆ ಸೈಕ್ಲೋಫಾಸ್ಫಮೈಡ್ ಅನ್ನೋ ಹಳೇ, ಅಗ್ಗದ ಔಷಧಿ ಕೊಟ್ಟರೆ ಅಪಾಯ ತಗ್ಗುತ್ತೆ ಅಂತ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು ತೋರಿಸಿದ ಮೇಲೆ ಭಾರತದಲ್ಲೂ ಇದು ಹೆಚ್ಚಾಗಿದೆ. ಎರಡು, ದಾನಿಗಳ ರಿಜಿಸ್ಟ್ರಿಯಲ್ಲಿ ಹುಡುಕೋದು.

ಜಗತ್ತಿನಾದ್ಯಂತ 4 ಕೋಟಿಗೂ ಹೆಚ್ಚು ಜನ ಇಂಥ ರಿಜಿಸ್ಟ್ರಿಗಳಲ್ಲಿ ಹೆಸರು ಬರೆಸಿದ್ದಾರೆ. 140 ಕೋಟಿ ಜನರ ಭಾರತದಲ್ಲಿ ಬರೆಸಿರೋರು ಕೆಲವೇ ಲಕ್ಷ. ಎಚ್‌ಎಲ್‌ಎ ಗುರುತು ಒಂದೇ ಮೂಲದ ಜನರಲ್ಲಿ ಹೊಂದೋದು ಹೆಚ್ಚು. ಜರ್ಮನಿಯ ಪಟ್ಟಿ ಎಷ್ಟೇ ಉದ್ದ ಇದ್ದರೂ ನಮ್ಮ ಕಡೆಯ ರೋಗಿಗೆ ನಮ್ಮ ಕಡೆಯ ದಾನಿಯೇ ಹೊಂದೋ ಸಾಧ್ಯತೆ ಜಾಸ್ತಿ. ತಾಲೂಕಿನ ಹುಡುಗ ಹುಡುಗಿಯರು ಹೆಸರು ಬರೆಸೋದು ಯಾಕೆ ಮುಖ್ಯ ಅನ್ನೋದು ಇಲ್ಲಿ ಗೊತ್ತಾಗುತ್ತೆ.

ಬರೆಸೋದು ಸುಲಭ. 18 ತುಂಬಿದ, 50ರೊಳಗಿನ ಆರೋಗ್ಯವಂತರು ಬರೆಸಬಹುದು. ಹತ್ತಿ ಸುತ್ತಿದ ಕಡ್ಡಿಯಿಂದ ಕೆನ್ನೆಯ ಒಳಭಾಗ ಒರೆಸಿ ಕಳಿಸಬೇಕು, ಅಷ್ಟೇ. ಚೆನ್ನೈ ಮೂಲದ 'ದಾತ್ರಿ', ಬೆಂಗಳೂರಿನ 'ಡಿಕೆಎಂಎಸ್ ಇಂಡಿಯಾ' ಸಂಸ್ಥೆಗಳು ಈ ಕೆಲಸ ಮಾಡ್ತಿವೆ. ಹೊಂದಾಣಿಕೆ ಬಂದ್ರೆ ಮಾತ್ರ ಕರೀತಾರೆ, ಎಷ್ಟೋ ಜನರಿಗೆ ಕರೆ ಬರೋದೇ ಇಲ್ಲ. ಬಂದ್ರೆ ಸ್ಟೆಮ್ ಸೆಲ್‌ಗಳು ಮಜ್ಜೆಯಿಂದ ರಕ್ತಕ್ಕೆ ಬರೋ ಹಾಗೆ ನಾಲ್ಕೈದು ದಿನ ಇಂಜೆಕ್ಷನ್ ಕೊಡ್ತಾರೆ, ಆಗ ಮೈಕೈ ನೋವು ಬರಬಹುದು. ಆಮೇಲೆ ಒಂದು ತೋಳಿನಿಂದ ರಕ್ತ ಮೆಷಿನ್‌ಗೆ ಹೋಗಿ, ಸ್ಟೆಮ್ ಸೆಲ್ ಬೇರೆಯಾಗಿ, ಉಳಿದ ರಕ್ತ ಇನ್ನೊಂದು ತೋಳಿಗೆ ವಾಪಸ್ ಬರುತ್ತೆ. ಕೆಲವು ಗಂಟೆಯ ಕೆಲಸ. ಕೊಟ್ಟಿದ್ದು ಕೆಲವು ವಾರದಲ್ಲಿ ಮೈಯಲ್ಲಿ ಮತ್ತೆ ತುಂಬಿಕೊಳ್ಳುತ್ತೆ. ದಾನಿಗೆ ಖರ್ಚಿಲ್ಲ, ದುಡ್ಡೂ ಕೊಡಲ್ಲ.

ನಿಜವಾದ ತೊಂದರೆ ಬೇರೆ ಕಡೆ ಇದೆ. ಕಾಲೇಜು ಕ್ಯಾಂಪ್‌ನಲ್ಲಿ ಉತ್ಸಾಹದಿಂದ ಬರೆಸಿದವರು ಕರೆ ಬಂದಾಗ ಹಿಂದೆ ಸರಿಯೋದುಂಟು. 'ಬೆನ್ನುಮೂಳೆಯಿಂದ ತೆಗೀತಾರಂತೆ', 'ಮಕ್ಕಳಾಗಲ್ಲವಂತೆ', 'ಹುಡುಗಿಗೆ ಮದುವೆ ಆಗೋದು ಕಷ್ಟ' ಅಂತ ಮನೆಯಲ್ಲಿ ತಡೀತಾರೆ. ಯಾವುದೂ ನಿಜ ಅಲ್ಲ. ಬೆನ್ನುಮೂಳೆಯನ್ನ ಮುಟ್ಟೋದೇ ಇಲ್ಲ. ಕೆಲವರಲ್ಲಿ ಮಾತ್ರ ಮಜ್ಜೆಯಿಂದಲೇ ತೆಗೆಯಬೇಕಾಗುತ್ತೆ, ಅದೂ ಸೊಂಟದ ಮೂಳೆಯಿಂದ, ಅರಿವಳಿಕೆ ಕೊಟ್ಟು. ಇನ್ನೂ ಒಂದು ವಿಷಯ ಮನೆಯವರಿಗೆ ತಿಳಿದಿರಲಿ. ದಾನಿ ಒಪ್ಪಿದ ಮೇಲೆ ಆಸ್ಪತ್ರೆಯಲ್ಲಿ ರೋಗಿಯ ಮಜ್ಜೆಯನ್ನ ಔಷಧಿ ಕೊಟ್ಟು ಖಾಲಿ ಮಾಡೋಕೆ ಶುರು ಮಾಡಿರ್ತಾರೆ. ಆ ಹೊತ್ತಿಗೆ ದಾನಿ ಇಲ್ಲ ಅಂದ್ರೆ ರೋಗಿ ಬದುಕೋದು ಬಹಳ ಕಷ್ಟ. ಹಾಗಾಗಿ ಬರೆಸೋ ಮುಂಚೆ ಅಪ್ಪ ಅಮ್ಮ, ಹೆಂಡತಿ, ಗಂಡನ ಜೊತೆ ಕೂತು ಮಾತಾಡಿ. ಕೊನೇ ಗಳಿಗೆಯಲ್ಲಿ ಸರಿಯೋದಕ್ಕಿಂತ ಬರೆಸದೇ ಇರೋದು ವಾಸಿ.

ಕಾರ್-ಟಿ: ಸ್ವಂತ ಕಣಕ್ಕೇ ತರಬೇತಿ

ಇತ್ತೀಚೆಗೆ ಹೆಚ್ಚು ಸುದ್ದಿಯಲ್ಲಿರೋ ಹೆಸರು ಕಾರ್-ಟಿ. ನಮ್ಮ ರಕ್ತದಲ್ಲಿ ಟಿ-ಕಣ ಅನ್ನೋ ಕಾವಲುಗಾರರಿದ್ದಾರೆ. ಕ್ಯಾನ್ಸರ್ ಕೋಶ ಮನೆಯವನ ವೇಷ ಹಾಕಿಕೊಂಡಿರೋದರಿಂದ ಇವರು ಗುರುತು ಹಿಡಿಯಲ್ಲ. ಕಾರ್-ಟಿ ಚಿಕಿತ್ಸೆಯಲ್ಲಿ ರೋಗಿಯ ಟಿ-ಕಣಗಳನ್ನ ಹೊರತೆಗೆದು, ಲ್ಯಾಬ್‌ನಲ್ಲಿ ಹೊಸ ಜೀನ್ ಸೇರಿಸಿ, ಕ್ಯಾನ್ಸರ್ ಕೋಶದ ಮೇಲಿರೋ ಒಂದು ಗುರುತನ್ನ ಹಿಡಿಯೋ ಹಾಗೆ ಮಾಡ್ತಾರೆ. ಅವನ್ನ ಕೋಟಿಗಟ್ಟಲೆ ಬೆಳೆಸಿ ರೋಗಿಗೇ ವಾಪಸ್ ಏರಿಸ್ತಾರೆ. ಸಾಮಾನ್ಯವಾಗಿ ಒಂದೇ ಸಲ.

2012ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಎಮಿಲಿ ವೈಟ್‌ಹೆಡ್ ಅನ್ನೋ ಆರು ವರ್ಷದ ಹುಡುಗಿ ಈ ಚಿಕಿತ್ಸೆ ಪಡೆದ ಮೊದಲ ಮಗು. ಎರಡು ಸಲ ರೋಗ ತಿರುಗಿ ಬಂದಿದ್ದ ಆಕೆ ಗುಣವಾಗಿ ಕಾಲೇಜು ಮೆಟ್ಟಿಲು ಹತ್ತಿದಳು. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ಬೆಲೆ 4,75,000 ಡಾಲರ್, ನಮ್ಮ ಲೆಕ್ಕದಲ್ಲಿ 3 ಕೋಟಿಗೂ ಮೇಲೆ.

ಭಾರತದ ಮೊದಲ ಕಾರ್-ಟಿ, ನೆಕ್ಸ್‌ಕಾರ್19, ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ್ದು. ಅಲ್ಲಿಂದ ಹುಟ್ಟಿದ ಇಮ್ಯುನೋಆಕ್ಟ್ ಕಂಪನಿ ಇದನ್ನ ತಯಾರಿಸುತ್ತೆ. 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು, 2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಬೆಲೆ ಅಮೆರಿಕದ ಹತ್ತನೇ ಒಂದು ಭಾಗದಷ್ಟು, ಅಂದ್ರೆ 30–40 ಲಕ್ಷದ ಆಸುಪಾಸು. 2025ರಲ್ಲಿ ಪ್ರಕಟವಾದ ಪ್ರಯೋಗದ ಫಲಿತಾಂಶದಲ್ಲಿ ಬೇರೆ ಔಷಧಿ ಫಲಿಸದ ರೋಗಿಗಳಲ್ಲಿ ಶೇ 73ರಷ್ಟು ಜನರಿಗೆ ಇದರಿಂದ ರೋಗ ಇಳಿಯಿತು. 2025ರಲ್ಲೇ ಬೆಂಗಳೂರಿನ ಇಮ್ಯುನೀಲ್ ಕಂಪನಿಯ 'ಕಾರ್ಟೆಮಿ' ಕೂಡ ಬಂತು. ಈ ಕಂಪನಿ ಕಟ್ಟಿದವರಲ್ಲಿ ಕಿರಣ್ ಮಜುಂದಾರ್ ಶಾ, ವೈದ್ಯ ಲೇಖಕ ಸಿದ್ಧಾರ್ಥ ಮುಖರ್ಜಿ ಇದ್ದಾರೆ.

ಆದರೆ ರೋಗ ಇಳಿಯೋದು ಬೇರೆ, ಪೂರ್ತಿ ಹೋಗೋದು ಬೇರೆ. ಕೆಲವರಲ್ಲಿ ಮತ್ತೆ ಬರುತ್ತೆ. ಮೊದಲ ವಾರಗಳಲ್ಲಿ ತೀವ್ರ ಜ್ವರ, ಬಿಪಿ ಬೀಳೋದು, ಗೊಂದಲ ಆಗಬಹುದು, ಹಾಗಾಗಿ ಐಸಿಯು ಇರೋ ಆಸ್ಪತ್ರೆಯಲ್ಲೇ ಕೊಡ್ತಾರೆ. ಈ ಎರಡೂ ಚಿಕಿತ್ಸೆ ಬಿ-ಕಣದಿಂದ ಹುಟ್ಟೋ ಕ್ಯಾನ್ಸರ್‌ಗಳಿಗೆ ಮಾತ್ರ: ನೆಕ್ಸ್‌ಕಾರ್19 ಆ ಬಗೆಯ ಲ್ಯುಕೇಮಿಯಾ ಮತ್ತು ಲಿಂಫೋಮಾಗೆ, ಕಾರ್ಟೆಮಿ ಲಿಂಫೋಮಾಗೆ. ಯಾರಾದ್ರೂ 'ಎಲ್ಲಾ ಬ್ಲಡ್ ಕ್ಯಾನ್ಸರ್‌ಗೂ ಕಾರ್-ಟಿ ಇದೆ, ದುಡ್ಡು ರೆಡಿ ಮಾಡ್ಕೊಳ್ಳಿ' ಅಂದ್ರೆ ನಂಬಬೇಡಿ.

ಮುಂದೆ ಏನು ಬರಲಿದೆ?

ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಚರ್ಮದ ಕೋಶವನ್ನ ಹಿಂದಕ್ಕೆ ತಿರುಗಿಸಿ ಸ್ಟೆಮ್ ಸೆಲ್‌ನಂಥ ಕೋಶ ಮಾಡಿದರು, 2012ರಲ್ಲಿ ನೊಬೆಲ್ ಪಡೆದರು. ಇದೇ ದಾರಿಯಲ್ಲಿ 2024ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ವಿಜ್ಞಾನಿಗಳು ಮನುಷ್ಯನ ಕೋಶದಿಂದ ಲ್ಯಾಬ್‌ನಲ್ಲೇ ರಕ್ತದ ಸ್ಟೆಮ್ ಸೆಲ್ ಬೆಳೆಸಿ, ಇಲಿಗಳಲ್ಲಿ ಕಸಿ ಮಾಡಿ ತೋರಿಸಿದರು. ಇದು ಮನುಷ್ಯರಿಗೆ ಬಂದ್ರೆ ದಾನಿ ಹುಡುಕೋ ಕಷ್ಟವೇ ತಪ್ಪಬಹುದು. ಸದ್ಯಕ್ಕೆ ಇದು ಲ್ಯಾಬ್‌ನ ಕೆಲಸ, ಯಾವ ಆಸ್ಪತ್ರೆಯಲ್ಲೂ ದುಡ್ಡು ಕೊಟ್ಟು ಪಡೆಯೋ ಚಿಕಿತ್ಸೆ ಅಲ್ಲ.

ದುಡ್ಡಿನ ಮಾತು

ಖಾಸಗಿಯಲ್ಲಿ ಸ್ವಂತ ಕೋಶದ ಕಸಿಗೆ ಸುಮಾರು 10 ಲಕ್ಷದಿಂದ ಶುರುವಾದ್ರೆ, ಹೊರಗಿನ ದಾನಿ ಅಥವಾ ಅರ್ಧ ಹೊಂದಾಣಿಕೆಯ ಕಸಿಗೆ 30 ಲಕ್ಷವೂ ದಾಟಬಹುದು. ಹೊಲ, ಸೈಟ್ ಮಾರೋ ಮುಂಚೆ ಈ ಬಾಗಿಲುಗಳನ್ನ ತಟ್ಟಿ:

- ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಮೊದಲೇ ಮಾಡಿಸಿ. ಆಸ್ಪತ್ರೆಯಲ್ಲಿರೋ 'ಆರೋಗ್ಯ ಮಿತ್ರ'ರನ್ನ ಕೇಳಿ, ಅಥವಾ 104ಕ್ಕೆ ಫೋನ್ ಮಾಡಿ.
- ಪರಿಹಾರ ನಿಧಿ: ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಿ ರಾಷ್ಟ್ರೀಯ ಪರಿಹಾರ ನಿಧಿ ಎರಡಕ್ಕೂ ಆಸ್ಪತ್ರೆಯ ಅಂದಾಜು ಪಟ್ಟಿ ಇಟ್ಟು ಅರ್ಜಿ ಹಾಕಬಹುದು.
- ರೈಲು: ಚಿಕಿತ್ಸೆಗೆ ಹೋಗೋ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು 3-ಟಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗೋ ಒಬ್ಬರಿಗೆ ಶೇ 75. ಆಸ್ಪತ್ರೆಯಿಂದ ಸರ್ಟಿಫಿಕೇಟ್ ಬೇಕು.
- ಜಿಎಸ್‌ಟಿ: 2025ರ ಸೆಪ್ಟೆಂಬರ್ 22ರಿಂದ 33 ಜೀವರಕ್ಷಕ ಔಷಧಿಗಳ ಮೇಲಿದ್ದ ಶೇ 12 ತೆರಿಗೆ ಸೊನ್ನೆಗೆ ಇಳಿದಿದೆ. ಮೈಲೋಮಾಕ್ಕೆ ಕೊಡೋ ಡಾರಾಟುಮುಮ್ಯಾಬ್, ಸಿಎಂಎಲ್‌ಗೆ ಕೊಡೋ ಅಸಿಮಿನಿಬ್ ಆ ಪಟ್ಟಿಯಲ್ಲಿವೆ. ಬಿಲ್ ನೋಡಿ ತಗೊಳ್ಳಿ.

ಡಬ್ಬಿ ಇಡಿಸಿಕೊಳ್ಳೋ ಅಂಗಡಿಯವರು ರೋಗಿಯ ಆಸ್ಪತ್ರೆ ಅಂದಾಜು ಪಟ್ಟಿ ನೋಡಿ, ಆಸ್ಪತ್ರೆಗೆ ಒಂದು ಫೋನ್ ಮಾಡಿ ಖಾತ್ರಿ ಮಾಡ್ಕೊಂಡ್ರೆ ಒಳ್ಳೇದು. ಸಾಧ್ಯವಿದ್ರೆ ದುಡ್ಡನ್ನ ನೇರ ಆಸ್ಪತ್ರೆಯ ರೋಗಿ ಖಾತೆಗೆ ಕಟ್ಟಿ. ನಿಜವಾದ ಕಷ್ಟದಲ್ಲಿರೋರು ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

'ಸ್ಟೆಮ್ ಸೆಲ್' ಬೋರ್ಡ್ ಕಂಡಲ್ಲೆಲ್ಲ ಹೋಗಬೇಡಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟ. ರಕ್ತ ಸಂಬಂಧಿ ರೋಗಗಳಿಗೆ ಮಾಡೋ ರಕ್ತದ ಸ್ಟೆಮ್ ಸೆಲ್ ಕಸಿಗೆ ಮಾತ್ರ ಚಿಕಿತ್ಸೆ ಅನ್ನೋ ಮಾನ್ಯತೆ. ಉಳಿದದ್ದೆಲ್ಲ ಪ್ರಯೋಗ, ಪ್ರಯೋಗಕ್ಕೆ ರೋಗಿಯಿಂದ ದುಡ್ಡು ತಗೊಳ್ಳೋ ಹಾಗಿಲ್ಲ. ಮಂಡಿನೋವು, ಸಕ್ಕರೆ ಕಾಯಿಲೆ, ಲಕ್ವ, ಆಟಿಸಂಗೆ 'ಸ್ಟೆಮ್ ಸೆಲ್ ಇಂಜೆಕ್ಷನ್' ಅಂತ ಲಕ್ಷಗಟ್ಟಲೆ ಕೇಳೋರ ಜಾಹೀರಾತು ಫೇಸ್‌ಬುಕ್‌ನಲ್ಲಿ ಕಂಡ್ರೆ ಈ ಮಾತು ನೆನಪಿರಲಿ.

ಹೆರಿಗೆ ಹೊತ್ತಿಗೆ ಮನೆಗೆ ಬರೋ ಇನ್ನೊಂದು ಆಫರ್ ಹೊಕ್ಕುಳಬಳ್ಳಿ ರಕ್ತದ ಬ್ಯಾಂಕ್. 'ಮುಂದೆ ಮಗುವಿಗೆ ಬ್ಲಡ್ ಕ್ಯಾನ್ಸರ್ ಬಂದ್ರೆ ಇದೇ ಔಷಧಿ' ಅಂತ ಹೆದರಿಸಿ ಕಂತಿನಲ್ಲಿ ದುಡ್ಡು ಕಟ್ಟಿಸ್ಕೊಳ್ತಾರೆ. ಹೊಕ್ಕುಳಬಳ್ಳಿ ರಕ್ತದಲ್ಲಿ ಸ್ಟೆಮ್ ಸೆಲ್ ಇರೋದು ನಿಜ, ಬೇರೆ ಮಗುವಿಗೆ ಕಸಿ ಮಾಡೋಕೆ ಬಳಸಿದ್ದೂ ನಿಜ. ಆದರೆ ಮಗುವಿನ ಸ್ವಂತ ಬಳಕೆಗೆ ಕೂಡಿಡೋದಕ್ಕೆ ವಿಜ್ಞಾನದ ಆಧಾರ ಇಲ್ಲ ಅಂತ ಅದೇ ಮಂಡಳಿ ಹೇಳಿದೆ. ಲ್ಯುಕೇಮಿಯಾಕ್ಕೆ ದಾರಿ ಮಾಡೋ ಜೀನ್ ದೋಷ ಹುಟ್ಟುವಾಗಲೇ ಆ ರಕ್ತದಲ್ಲೂ ಇರಬಹುದು. ಕೆಟ್ಟ ಹಾಲಿಗೆ ಅದೇ ಪಾತ್ರೆಯ ಹೆಪ್ಪು ಹಾಕಿದ ಹಾಗಾಗುತ್ತೆ.

ಕೊನೆಗೆ, ಮಾಡಬಹುದಾದ್ದು

ಬಿಡದ ಜ್ವರಕ್ಕೆ ಸಿಬಿಸಿ ಮಾಡಿಸಿ. ರೋಗದ ಪೂರ್ತಿ ಹೆಸರು ಕೇಳಿ. ಕೀಮೋ ಅರ್ಧಕ್ಕೆ ಬಿಡಬೇಡಿ. ಸಾಲ ಮಾಡೋ ಮುಂಚೆ ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಯಲ್ಲಿ ಇನ್ನೊಂದು ಅಭಿಪ್ರಾಯ ತಗೊಳ್ಳಿ. ನಿಮ್ಮ ವಯಸ್ಸು 18 ದಾಟಿದ್ದು ಆರೋಗ್ಯ ಚೆನ್ನಾಗಿದ್ರೆ, ಮನೆಯವರನ್ನ ಒಪ್ಪಿಸಿ ದಾನಿಗಳ ಪಟ್ಟಿಗೆ ಹೆಸರು ಬರೆಸಿ. ಡಬ್ಬಿಗೆ ಹಾಕೋ ನೂರು ರೂಪಾಯಿಯನ್ನ ಯಾರು ಬೇಕಾದರೂ ಹಾಕಬಹುದು. ಹೊಂದೋ ಎಚ್‌ಎಲ್‌ಎ ಮಾತ್ರ ನಿಮ್ಮ ಹತ್ರವೇ ಇರಬಹುದು.

(ಗಮನಿಸಿ: ಈ ಲೇಖನ ಮಾಹಿತಿಗಾಗಿ ಮಾತ್ರ. ಚಿಕಿತ್ಸೆ ಬಗ್ಗೆ ತಜ್ಞ ವೈದ್ಯರ ಸಲಹೆ ಪಡೆಯಿರಿ. ಯೋಜನೆಗಳ ಮಿತಿ, ಔಷಧಿಗಳ ದರ ಬದಲಾಗಬಹುದು, ಆಸ್ಪತ್ರೆಯಲ್ಲಿ ವಿಚಾರಿಸಿ.)